ಕಾಯಿಸುವ ಲೂಮಿಯಾ 1020, ಕಾಯಿಸದ 808: ಕಾಫಿ ತೋಟದಲ್ಲಿ ಎರಡನ್ನೂ ಬಳಸಿದ ಮೇಲೆ

ನೋಕಿಯಾ ಲೂಮಿಯಾ 1020 ಫೋನಿನಲ್ಲಿ ಒಂದು ಫೋಟೋ ಹೊಡೆದ ಮೇಲೆ ಇನ್ನೊಂದಕ್ಕೆ ಹತ್ತಿರ ಹತ್ತಿರ ನಾಲ್ಕು ಸೆಕೆಂಡ್ ಕಾಯಬೇಕು. ಕೂತು ಓದುವಾಗ ಇದೇನು ದೊಡ್ಡ ವಿಷಯ ಅನಿಸುವುದಿಲ್ಲ. ಕೊಯ್ಲಿನ ಸಂಜೆ, ಕಾಟಾದ ಮುಂದೆ ಹಣ್ಣಿನ ಚೀಲ ಇಟ್ಟುಕೊಂಡು ಜನ ಸಾಲಾಗಿ ನಿಂತಿರುವಾಗ ನಾಲ್ಕರವರೆಗೆ ಎಣಿಸಿ ನೋಡಿ, ಗೊತ್ತಾಗುತ್ತದೆ.

ನಾನು ಚಿಕ್ಕಮಗಳೂರಿನ ಆಲ್ದೂರು ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್. ಹಾಜರಿ, ತೂಕ, ಗೊಬ್ಬರದ ಲೆಕ್ಕ ಎಲ್ಲ ನನ್ನದೇ. ಕೊಯ್ಲಿನ ಕಾಲದಲ್ಲಿ ಪ್ರತಿಯೊಬ್ಬರ ಚೀಲ ಕಾಟಾಕ್ಕೆ ಏರಿದಾಗ, ಕಾಟಾದ ಅಂಕಿ ಮತ್ತು ಪಕ್ಕದಲ್ಲಿ ನಿಂತವರು ಒಟ್ಟಿಗೆ ಬರುವ ಹಾಗೆ ಒಂದು ಫೋಟೋ ಹೊಡೆದುಕೊಳ್ಳುತ್ತೇನೆ. ಬಟವಾಡೆಯ ದಿನ ತಕರಾರು ಬರಬಾರದಲ್ಲ, ಅದಕ್ಕೆ. ಲೂಮಿಯಾ ಹಿಡಿದು ನಿಂತ ಸಂಜೆ ಸಾಲಿನಿಂದ ಒಂದೇ ಮಾತು: "ರೈಟ್ರೇ, ಫೋಟೋ ಬಿತ್ತಾ ಇಲ್ವಾ? ಜೀಪು ಹೊರಡ್ತದೆ!" ಪರದೆಯ ಮೇಲೆ ಆಗ ಸೇವ್ ಆಗುತ್ತಿದೆ ಅನ್ನುವ ಸಂದೇಶ. ಗುಂಡಿ ಒತ್ತಿದರೆ ಉತ್ತರ ಇಲ್ಲ.

ಅದೇ ಕೆಲಸಕ್ಕೆ ನೋಕಿಯಾದ್ದೇ ಇನ್ನೊಂದು ಫೋನ್, 2012ರ 808 ಪ್ಯೂರ್‌ವ್ಯೂ ಹಿಡಿದರೆ ಗುಂಡಿ ಒತ್ತುತ್ತಾ ಹೋಗಬಹುದು. ಒಂದು ಚೀಲ, ಒಂದು ಕ್ಲಿಕ್, ಮುಂದಿನವರು ಬನ್ನಿ. ಸಾಲು ತಾನಾಗಿ ಕರಗುತ್ತದೆ.

ವಿಚಿತ್ರ ಏನೆಂದರೆ, ಕಾಗದದ ಮೇಲೆ 808 ಬಡಪಾಯಿ ಫೋನ್. ಒಂದೇ ಕೋರ್‌ನ ಪ್ರೊಸೆಸರ್, 512 ಎಂಬಿ ರ‍್ಯಾಮ್, ಆಗಲೇ ಕೊನೆಯುಸಿರು ಎಳೆಯುತ್ತಿದ್ದ ಸಿಂಬಿಯನ್ ಆಪರೇಟಿಂಗ್ ಸಿಸ್ಟಮ್. 1020 ಅದಾಗಿ ಒಂದು ವರ್ಷಕ್ಕೆ, 2013ರ ಜುಲೈನಲ್ಲಿ ಘೋಷಣೆಯಾದದ್ದು. ಎರಡು ಕೋರ್, 2 ಜಿಬಿ ರ‍್ಯಾಮ್. ಆದರೂ ಹಳೆಯದೇ ಚುರುಕು. ಕಾರಣ ಸರಳ. 41 ಮೆಗಾಪಿಕ್ಸೆಲ್ ಸೆನ್ಸರ್‌ನಿಂದ ಹರಿದು ಬರುವ ರಾಶಿ ಮಾಹಿತಿಯನ್ನು ಸಂಭಾಳಿಸಲೆಂದೇ 808ರಲ್ಲಿ ಬೇರೆ ಚಿಪ್ ಇತ್ತು. 1020ರಲ್ಲಿ ಅಂಥದ್ದಿಲ್ಲ. ಎಲ್ಲವನ್ನೂ ಫೋನಿನ ಮಾಮೂಲಿ ಪ್ರೊಸೆಸರ್ರೇ ಮಾಡಬೇಕು. ಜೊತೆಗೆ ಅದು ಪ್ರತಿ ಸಲ ಎರಡು ಫೋಟೋ ಉಳಿಸುತ್ತದೆ: ಹಂಚಿಕೊಳ್ಳಲು 5 ಮೆಗಾಪಿಕ್ಸೆಲ್‌ನದು ಒಂದು, ಇಟ್ಟುಕೊಳ್ಳಲು 38 ಮೆಗಾಪಿಕ್ಸೆಲ್‌ನದು ಇನ್ನೊಂದು. ಚಿಕ್ಕದು ಮಾತ್ರ ಸಾಕು ಅಂತ ಸೆಟ್ ಮಾಡಿದರೂ ಕಾಯುವುದು ಪೂರ್ತಿ ತಪ್ಪುವುದಿಲ್ಲ. ಇದು ನನ್ನ ಫೋನಿನದಷ್ಟೇ ಕಥೆ ಅಲ್ಲ, ಹೊಸದಾಗಿ ಬಂದಾಗಲೇ ವಿಮರ್ಶೆ ಬರೆದ ಹಲವರು ಇದನ್ನು ಹೇಳಿದ್ದರು.

ಎರಡೂ ಹೊಸದಾಗಿ ಬಂದಾಗ ನನ್ನ ಸಂಬಳಕ್ಕೆ ಎಟುಕುವಂಥವಲ್ಲ. 808 ಇಲ್ಲಿ 33 ಸಾವಿರ ಚಿಲ್ಲರೆ, 1020 ಹೆಚ್ಚೂಕಡಿಮೆ 50 ಸಾವಿರ. ಎರಡನ್ನೂ ಹಳೆಯದಾದ ಮೇಲೆ, ಬೇರೆಯವರ ಕೈಯಿಂದ, ಒಂದು ಸಾಧಾರಣ ಹೊಸ ಆಂಡ್ರಾಯ್ಡ್ ಫೋನಿನ ಅರ್ಧ ದುಡ್ಡಿಗೂ ಕಡಿಮೆಗೆ ಕೊಂಡೆ. ಆದ್ದರಿಂದ ನನ್ನ ತೀರ್ಪನ್ನು ಆ ಲೆಕ್ಕದಲ್ಲೇ ತೆಗೆದುಕೊಳ್ಳಿ. ಐವತ್ತು ಸಾವಿರ ಕೊಟ್ಟವನ ಸಿಟ್ಟು ನನಗಿಲ್ಲ, ಅಷ್ಟು ಕೊಟ್ಟವನ ಹೆಮ್ಮೆಯೂ ಇಲ್ಲ.

808ರ ಬಗ್ಗೆ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ದಿನಾ ಜೇಬಿನಲ್ಲಿರುವುದು ಅದೇ.

ಬೆಳಿಗ್ಗೆ ಹಾಜರಿಗೆ ಹೊರಡುವ ಮುಂಚೆ ಅದಕ್ಕೊಂದು ಸೇವೆ ಆಗಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಬೆಲ್ಟು, ಚಪ್ಪಲಿ, ದಿಂಬು, ಯಾವುದಕ್ಕೂ ಬೂಷ್ಟು ಹಿಡಿಯದೆ ಬಿಡುವುದಿಲ್ಲ. ಲೆನ್ಸಿನ ಒಳಗೆ ಒಂದು ಸಲ ಹಿಡಿದರೆ ಕಥೆ ಮುಗಿದ ಹಾಗೆ. ಹಾಗಾಗಿ ಎರಡು ಫೋನೂ ರಾತ್ರಿ ಮಲಗುವುದು ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ, ಹೊಸ ಶೂ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ. ಪೊಟ್ಟಣಗಳನ್ನು ಆಗಾಗ ಒಲೆಯ ಹತ್ತಿರ ಇಟ್ಟು ಒಣಗಿಸಿಕೊಳ್ಳುತ್ತೇನೆ. "ಎರಡು ಸತ್ತ ಫೋನ್ ಇಟ್ಕೊಂಡು ದಿನಾ ಪೂಜೆ ಮಾಡ್ತೀರಲ್ಲ" ಅಂತ ಹೆಂಡತಿ ಅನ್ನುತ್ತಾಳೆ. ಪೂಜೆಯೇ ಅಂದುಕೊಳ್ಳಿ. ಡಬ್ಬ ತೆಗೆದು, ಹಳೇ ಪಂಚೆಯ ತುಂಡಿನಲ್ಲಿ ಲೆನ್ಸಿನ ಗಾಜು ಒರೆಸಿ, ಹಿಂದಿನ ಮುಚ್ಚಳ ತೆಗೆದು, ಚಾರ್ಜ್ ಮಾಡಿಟ್ಟ ಬ್ಯಾಟರಿ ಕೂರಿಸುತ್ತೇನೆ. ಹೌದು, ಬ್ಯಾಟರಿ ಬಿಚ್ಚಬಹುದು! 1400 ಎಂಎಎಚ್ ಅಷ್ಟೇ, ಮಧ್ಯಾಹ್ನದ ಹೊತ್ತಿಗೆ ಸುಸ್ತಾಗುತ್ತದೆ. ಇನ್ನೊಂದು ಜೇಬಿನಲ್ಲೇ ಇರುತ್ತದೆ. ಈ ಒಂದು ಸುಖವನ್ನು ಈಗಿನ ಹೆಚ್ಚಿನ ಫೋನುಗಳು ಕೊಡುವುದಿಲ್ಲ.

ಆಮೇಲೆ ಆ ಕ್ಯಾಮೆರಾ ಗುಂಡಿ. ಅರ್ಧ ಒತ್ತಿದರೆ ಫೋಕಸ್, ಪೂರ್ತಿ ಒತ್ತಿದರೆ ಫೋಟೋ. 1020ರಲ್ಲೂ ಇದೆ, ಆದರೆ 808ರದಕ್ಕೆ ಬೆರಳು ಬೇಗ ಒಗ್ಗುತ್ತದೆ. ಒಳಗೆ ನಿಜವಾದ ಶಟರ್ ಇರುವುದರಿಂದ ಸ್ಪೀಕರ್ ಬಂದ್ ಮಾಡಿದರೂ ಕಿವಿ ಹತ್ತಿರ ಹಿಡಿದರೆ ಸಣ್ಣಗೆ 'ಟಿಕ್' ಅನ್ನುತ್ತದೆ. ಕೈಗವಸು ಒದ್ದೆಯಾಗಿದ್ದರೂ ಗುಂಡಿ ಕೆಲಸ ಮಾಡುತ್ತದೆ. ಪರದೆ ಮುಟ್ಟಿಯೇ ಫೋಟೋ ಹೊಡೆಯಬೇಕಾದ ಫೋನ್‌ಗಳು ಮಳೆಯಲ್ಲಿ ಏನು ಮಾಡುತ್ತವೆ ಅಂತ ತೋಟದಲ್ಲಿ ಓಡಾಡಿದವರಿಗೆ ಗೊತ್ತು.

ಈಗ ನಾನು ಇದನ್ನು ಇಟ್ಟುಕೊಂಡಿರುವ ಅಸಲಿ ಕಾರಣಕ್ಕೆ ಬರುತ್ತೇನೆ. ಕಾಯಿಕೊರಕ.

ಕಾಫಿ ಕಾಯಿಕೊರಕ ಸಾಸಿವೆ ಕಾಳಿಗಿಂತ ಸಣ್ಣ ಕಪ್ಪು ಹುಳ. 1990ರಲ್ಲಿ ನೀಲಗಿರಿ ಕಡೆ ಮೊದಲು ಕಾಣಿಸಿಕೊಂಡು ಆಮೇಲೆ ನಮ್ಮ ಕಡೆಗೂ ಬಂತು. ಕಾಯಿಯ ತುದಿಯಲ್ಲಿ, ಹೂ ಉದುರಿದ ಜಾಗದಲ್ಲಿ, ಗುಂಡುಸೂಜಿ ಮೊನೆಯಷ್ಟು ತೂತು ಕೊರೆದು ಒಳಗೆ ಸೇರಿಕೊಳ್ಳುತ್ತದೆ. ಸಾಹುಕಾರರು ಇರುವುದು ಬೆಂಗಳೂರಿನಲ್ಲಿ. ಅವರಿಗೆ ಆ ತೂತು ಕಾಣಿಸಬೇಕು. ಕಾಣಿಸದಿದ್ದರೆ ಔಷಧಿಗೆ ದುಡ್ಡು ಬರುವುದಿಲ್ಲ, ಇಷ್ಟೇ ವಿಷಯ.

ನನ್ನ ಮಾಮೂಲಿ ಆಂಡ್ರಾಯ್ಡ್ ಫೋನಿನಲ್ಲಿ ಹೊಡೆದರೆ ಕಾಯಿ ಫಳಫಳ ಹೊಳೆಯುತ್ತದೆ, ಹಸಿರು ಜಾಸ್ತಿಯಾಗುತ್ತದೆ, ತೂತು ಮಾತ್ರ ಮಾಯ. ಸಾಫ್ಟ್‌ವೇರ್ ಅದನ್ನು ಕಲೆ ಅಂದುಕೊಂಡು ಒರೆಸಿ ಸಪಾಟು ಮಾಡಿರುತ್ತದೆ. 808ರಲ್ಲಿ ಹಾಗಲ್ಲ. ಆದರೆ ಅದಕ್ಕೊಂದು ಕ್ರಮ ಇದೆ. ತೀರಾ ಹತ್ತಿರ ಹೋಗಬಾರದು. ದೊಡ್ಡ ಸೆನ್ಸರ್ ಆದ್ದರಿಂದ ಸುಮಾರು 15 ಸೆಂಟಿಮೀಟರ್‌ಗಿಂತ ಹತ್ತಿರ ಫೋಕಸ್ ಆಗುವುದಿಲ್ಲ. ಒಂದು ಗೇಣು ದೂರ ನಿಂತು ಜೂಮ್ ಮಾಡಬೇಕು. ಪರದೆಯ ಮೇಲೆ ಬೆರಳು ಮೇಲಕ್ಕೆ ಜಾರಿಸಿದರೆ ಒಂದು ಚೌಕ ಚಿಕ್ಕದಾಗುತ್ತಾ ಹೋಗುತ್ತದೆ. ಕಾಯಿಯ ಗೊಂಚಲು ಚೌಕದೊಳಗೆ ಬಂದಾಗ ಬೆರಳು ಎತ್ತಿದರೆ ಸಾಕು, ಚಿತ್ರ ಅಲ್ಲಿಗೆ ಹೋಗಿ ನಿಲ್ಲುತ್ತದೆ.

ಈ ಜೂಮ್‌ನಲ್ಲಿ ಮೋಸ ಇಲ್ಲ. ಮಾಮೂಲಿಯಾಗಿ 808 ಸುಮಾರು ಏಳೇಳು ಚುಕ್ಕಿಗಳನ್ನು (ಪಿಕ್ಸೆಲ್) ಸೇರಿಸಿ ಒಂದು ಮಾಡಿ 5 ಮೆಗಾಪಿಕ್ಸೆಲ್ ಫೋಟೋ ಕೊಡುತ್ತದೆ. ಜೂಮ್ ಮಾಡಿದಾಗ ಸೆನ್ಸರ್‌ನ ನಡುವಿನ ಭಾಗವನ್ನಷ್ಟೇ ಬಳಸುತ್ತದೆ, ಸೇರಿಸುವುದನ್ನು ಕಡಿಮೆ ಮಾಡುತ್ತದೆ. ಒಂದು ಚುಕ್ಕಿಗೆ ಒಂದೇ ಚುಕ್ಕಿ ಅನ್ನುವಲ್ಲಿಗೆ ಬಂದಾಗ ನಿಂತುಬಿಡುತ್ತದೆ. ಸುಮಾರು ಮೂರು ಪಟ್ಟು ಅಷ್ಟೇ. ಅದಕ್ಕಿಂತ ಜಾಸ್ತಿ ಕೇಳಿದರೆ ಕೊಡುವುದಿಲ್ಲ. ಈಗಿನವು ನೂರು ಪಟ್ಟು ಅಂತ ಡಂಗುರ ಹೊಡೆಯುತ್ತವೆ. ಇದು ಮೂರು ಅಂದರೆ ಮೂರು.

ಒಮ್ಮೆ ರೊಬಸ್ಟಾ ಬ್ಲಾಕಿನಲ್ಲಿ ಕೊಂಬೆ ಹಿಡಿದುಕೊಳ್ಳಲು ಕೊಯ್ಲಿನವರಲ್ಲಿ ಒಬ್ಬರನ್ನು ಕರೆದು, ಬೆಳಿಗ್ಗೆಯ ಓರೆ ಬಿಸಿಲಿನಲ್ಲಿ ಹೀಗೆ ಹೊಡೆದೆ. ಸಂಜೆ ದೊಡ್ಡದು ಮಾಡಿ ನೋಡಿದರೆ ತೂತಿನ ಬಾಯಲ್ಲಿ ಹುಳ ಕೊರೆದು ಹೊರಹಾಕಿದ ಹುಡಿಯೂ ಕಾಣುತ್ತಿತ್ತು. ಸಾಹುಕಾರರಿಗೆ ಕಳಿಸಿದ ಸ್ವಲ್ಪ ಹೊತ್ತಿಗೇ ಫೋನ್ ಬಂತು. "ಏನ್ರೀ ಇದು, ಇಷ್ಟು ಚೆನ್ನಾಗಿ ಕಾಣ್ತಿದೆ! ಯಾವ ಬ್ಲಾಕು?" ಬೇಸರದ ಸುದ್ದಿಗೆ ಅಷ್ಟು ಖುಷಿಯಾಗಿ ಪ್ರತಿಕ್ರಿಯೆ ಬಂದದ್ದು ಅದೇ ಮೊದಲು.

ಕಳಿಸುವುದೂ ಒಂದು ಕೆಲಸವೇ. ಸಿಂಬಿಯನ್ ಫೋನ್‌ಗಳಲ್ಲಿ ವಾಟ್ಸಾಪ್ 2017ರಲ್ಲೇ ನಿಂತಿತು. ಹಿಂದಿನ ಮುಚ್ಚಳ ತೆಗೆದು, ಮೆಮೊರಿ ಕಾರ್ಡ್ ಎಳೆದು, ಪುಟ್ಟ ಕಾರ್ಡ್ ರೀಡರ್‌ಗೆ ಹಾಕಿ ಆಂಡ್ರಾಯ್ಡ್ ಫೋನಿಗೆ ಚುಚ್ಚಿ, ಅಲ್ಲಿಂದ ಕಳಿಸುತ್ತೇನೆ. ಅದೂ ಫೋಟೋ ಅಂತ ಅಲ್ಲ, ಡಾಕ್ಯುಮೆಂಟ್ ಅಂತ. ಫೋಟೋ ಅಂತ ಕಳಿಸಿದರೆ ವಾಟ್ಸಾಪ್ ಹಿಂಡಿ ಚಿಕ್ಕದು ಮಾಡುತ್ತದೆ, ಇಷ್ಟೆಲ್ಲ ಮಾಡಿದ್ದು ನೀರಿನಲ್ಲಿ ಹೋಮ. ಈ ಕಾರ್ಡ್ ತೆಗೆಯುವ ಕೆಲಸ ಬೇರೆಯವರಿಗೆ ಕಿರಿಕಿರಿ ಅನಿಸಬಹುದು. ನನಗೆ ಸಂಜೆ ಕಾಫಿ ಕುಡಿಯುತ್ತಾ ಮಾಡುವ ಇಷ್ಟದ ಕೆಲಸ. ದಿನವಿಡೀ ಹೊಡೆದದ್ದನ್ನು ಆಗಲೇ ನೋಡುವುದು. 808ರ ಪರದೆಯಲ್ಲಿ ನೋಡಿ ಏನೂ ಪ್ರಯೋಜನ ಇಲ್ಲ. 640x360 ಅಷ್ಟೇ ಅದರ ರೆಸಲ್ಯೂಷನ್. ಫೋಕಸ್ ಸರಿ ಬಿತ್ತಾ ಅಂತ ತಿಳಿಯಲು ಸಂಜೆಯವರೆಗೆ ಕಾಯಬೇಕು.

ಇನ್ನೊಂದು ಮಾತು, ಕ್ಯಾಮೆರಾಗೆ ಸಂಬಂಧಿಸಿದ್ದಲ್ಲ. 808ರ ಮೈಕ್ ಅದ್ಭುತ. 140 ಡೆಸಿಬೆಲ್‌ವರೆಗೆ ಸದ್ದು ಒಡೆಯುವುದಿಲ್ಲ ಅಂತ ಕಂಪನಿ ಹೇಳಿತ್ತು. ನಾನು ಅಳೆದಿಲ್ಲ. ಆದರೆ ಸುಗ್ಗಿಯಲ್ಲಿ ಡೊಳ್ಳಿನವರ ಪಕ್ಕದಲ್ಲೇ ನಿಂತು ಮಾಡಿದ ವಿಡಿಯೋ ಕೇಳಿದವರು, ಇದು ಯಾವ ಮೈಕ್ ಅಂತ ಕೇಳಿದ್ದಾರೆ. ಬೇರೆ ಫೋನ್‌ಗಳಲ್ಲಿ ಡೊಳ್ಳು ಬರೀ ಪಟಪಟ ಅನ್ನುತ್ತದೆ.

ಇಷ್ಟು ಓದಿದವರಿಗೆ 1020ಕ್ಕೆ ಉಳಿದದ್ದೇನು ಅನಿಸಬಹುದು. ನನಗೂ ಬಹಳ ದಿನ ಹಾಗೇ ಅನಿಸಿತ್ತು. ಮೆಮೊರಿ ಕಾರ್ಡ್ ಹಾಕಲು ಜಾಗ ಇಲ್ಲ. ಬ್ಯಾಟರಿ ಬಿಚ್ಚಲು ಬರುವುದಿಲ್ಲ. ಕೊಂಡ ಸ್ವಲ್ಪ ದಿನಕ್ಕೇ ಬ್ಯಾಟರಿ ಇಳಿಯತೊಡಗಿ, ಪೇಟೆಯ ಒಂದು ರಿಪೇರಿ ಅಂಗಡಿಗೆ ಕೊಟ್ಟರೆ, ಇವತ್ತು ನಾಳೆ ಅಂತ ಸತಾಯಿಸಿ, ಕೊನೆಗೆ ಎಲ್ಲಿಂದಲೋ ಒಂದು ಬ್ಯಾಟರಿ ತರಿಸಿ ಹಾಕಿದರು. ಫೋನಿನ ಬೆಲೆಯ ಹತ್ತಿರ ಹತ್ತಿರ ಬಿಲ್ಲು. ಅದರಲ್ಲಿರುವ ಆಪರೇಟಿಂಗ್ ಸಿಸ್ಟಮ್ ವಿಂಡೋಸ್ ಫೋನ್ 8.1ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2017ರಲ್ಲಿ. ಆಪ್ ಸಿಗುತ್ತಿದ್ದ ಸ್ಟೋರ್ 2019ರ ಡಿಸೆಂಬರ್‌ನಲ್ಲಿ ಮುಚ್ಚಿತು. ಅದೇ ತಿಂಗಳ ಕೊನೆಗೆ ವಾಟ್ಸಾಪ್ ಕೂಡ ಹೋಯಿತು. ಈಗ ಅದು ಫೋನ್ ಆಕಾರದ ಕ್ಯಾಮೆರಾ. ಕಪ್ಪು, ಬಿಳಿ ಅಲ್ಲ, ಬಿಸಿಲಿಗಿಂತ ಹಳದಿ ಬಣ್ಣದ್ದು. ತೋಟದಲ್ಲಿ ಬಿದ್ದರೆ ಹುಡುಕುವುದು ಸುಲಭ, ಅದೊಂದು ಲಾಭ.

ಮಾರಿಬಿಡೋಣ ಅಂತಲೇ ಇದ್ದೆ. ಆ ಸಮಯಕ್ಕೆ ತಂಗಿ ಮನೆಯವರು ಬಂದರು, ಎಲ್ಲ ಸೇರಿ ಬೇಲೂರಿಗೆ ಹೋದೆವು. ಎರಡು ಫೋನೂ ಜೊತೆಗಿದ್ದವು.

ಹೊರಗೆ 808ದೇ ಆಟ. ಮದನಿಕೆಯರಲ್ಲಿ ಒಬ್ಬಳ ತಲೆಯ ಮೇಲಿನ ಬಳ್ಳಿಯ ಚಪ್ಪರದಲ್ಲಿ ಒಂದು ಹಣ್ಣು, ಅದರ ಮೇಲೊಂದು ನೊಣ, ಅದನ್ನು ಹಿಡಿಯಲು ಹೊಂಚು ಹಾಕಿದ ಹಲ್ಲಿ. ಗೈಡ್‌ಗಳೆಲ್ಲ ಬೆರಳು ಮಾಡಿ ತೋರಿಸುವುದೇ. ಕೆಳಗೆ ಜಗತಿಯ ಮೇಲೆ ನಿಂತು ಕತ್ತು ಎತ್ತಿ ನೋಡಿದರೆ ಅರ್ಧ ಜನಕ್ಕೆ ಕಾಣುವುದಿಲ್ಲ, ಸುಮ್ನೆ "ಹ್ಞಾಂ ಹ್ಞಾಂ" ಅನ್ನುತ್ತಾರೆ. 38 ಮೆಗಾಪಿಕ್ಸೆಲ್‌ನಲ್ಲಿ ಒಂದು ಹೊಡೆದು ಮನೆಗೆ ಬಂದು ದೊಡ್ಡದು ಮಾಡಿದಾಗ ತಂಗಿಯ ಮಗನಿಗೆ ಹಲ್ಲಿಯ ಬಾಲವೂ ಸಿಕ್ಕಿತು.

ಆದರೆ ದೇವಸ್ಥಾನದ ಒಳಗೆ ಕಾಲಿಟ್ಟ ಕೂಡಲೇ ಪರಿಸ್ಥಿತಿ ಬೇರೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದಾಗ ಮಂಟಪ ತೆರೆದೇ ಇತ್ತು. ಆಮೇಲೆ ಎರಡನೆಯ ಬಲ್ಲಾಳನ ಕಾಲದಲ್ಲಿ ಸುತ್ತ ಜಾಲಂಧ್ರದ ಗೋಡೆ ಬಂತು. ಬೆಳಕು ಆ ತೂತುಗಳಿಂದ ಬಂದಷ್ಟೇ. ಬಳಪದ ಕಲ್ಲು ಬೇರೆ ಕಪ್ಪಾಗಿದೆ. 808ರಲ್ಲಿ ಹೊಡೆದರೆ ಒಂದೋ ಕೈ ಅಲುಗಿ ಮಸುಕು, ಇಲ್ಲವೇ ಐಎಸ್‌ಒ (ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟ) ಏರಿ ಫೋಟೋ ತುಂಬಾ ರವೆ ಚೆಲ್ಲಿದ ಹಾಗೆ. ಅದರ ಲೆನ್ಸಿಗೆ ಕೈ ನಡುಕ ತಡೆಯುವ ವ್ಯವಸ್ಥೆ ಇಲ್ಲ. ಫ್ಲಾಶ್ ಇದೆ, ಝೆನಾನ್ ಫ್ಲಾಶ್, ಬಹಳ ಜೋರು. ಆದರೆ ಎದುರಿಂದ ಬೆಳಕು ಬಿದ್ದರೆ ಕೆತ್ತನೆ ಚಪ್ಪಟೆಯಾಗುತ್ತದೆ. ಅಲ್ಲದೆ ಅಷ್ಟು ಜನರ ನಡುವೆ ಮಿಂಚು ಹೊಡೆಸಲು ನನಗೇ ಸಂಕೋಚ.

ಆಗ ಲೂಮಿಯಾ ತೆಗೆದೆ.

ಇದರ ಕ್ಯಾಮೆರಾ ಆಪ್ ನೋಡದವರಿಗೆ ಹೇಳುತ್ತೇನೆ. ಪರದೆಯ ಮೇಲಿನ ಶಟರ್ ಗುರುತನ್ನು ಎಡಕ್ಕೆ ಎಳೆದರೆ ಒಂದರೊಳಗೊಂದು ಅರ್ಧ ಬಳೆಗಳು ತೆರೆದುಕೊಳ್ಳುತ್ತವೆ. ಒಂದು ಬಳೆ ಫೋಕಸ್‌ಗೆ, ಒಂದು ಐಎಸ್‌ಒಗೆ, ಒಂದು ಶಟರ್ ವೇಗಕ್ಕೆ. ಬೆರಳಲ್ಲಿ ತಿರುಗಿಸುತ್ತಾ ಹೋದ ಹಾಗೆ ಪರದೆಯಲ್ಲಿ ಫೋಟೋ ಬದಲಾಗುವುದು ಆಗಲೇ ಕಾಣುತ್ತದೆ. ಮ್ಯಾನ್ಯುವಲ್ ಸೆಟ್ಟಿಂಗ್ ಅಂದರೆ ಹೆದರುವವರಿಗೂ ಇದರಲ್ಲಿ ಕೈ ಹತ್ತುತ್ತದೆ. ಇಷ್ಟು ವರ್ಷ ಆದ ಮೇಲೂ ಇದಕ್ಕಿಂತ ಸಲೀಸಾದ ಕ್ಯಾಮೆರಾ ಆಪ್ ನಾನು ಬಳಸಿಲ್ಲ.

ನವರಂಗದ ನರಸಿಂಹ ಕಂಬದಲ್ಲಿ ಕಡಲೆ ಬಸವ ಅಂತ ತೋರಿಸುತ್ತಾರೆ. ಹೆಸರೇ ಹೇಳುವ ಹಾಗೆ ಕಡಲೆಕಾಳಿನ ಲೆಕ್ಕದ ಬಸವ. ಗೈಡ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಟ್ಟರು. ನಾನು ಹಿಂದಿನ ಕಂಬಕ್ಕೆ ಬೆನ್ನು ಕೊಟ್ಟು, ಮೊಣಕೈ ಎದೆಗೆ ಒತ್ತಿಕೊಂಡು, ಐಎಸ್‌ಒ ಕೆಳಗಿಳಿಸಿ, ಶಟರ್ ನಿಧಾನ ಮಾಡಿ, ಉಸಿರು ಬಿಗಿಹಿಡಿದು ಗುಂಡಿ ಒತ್ತಿದೆ. 1020ರ ಲೆನ್ಸು ಪುಟಾಣಿ ಗುಂಡುಗಳ ಮೇಲೆ ಕೂತಿದೆ. ಕೈ ಅಲುಗಿದ ಕಡೆಗೆ ಎದುರಾಗಿ ತಾನು ಸರಿದು ಸಂಭಾಳಿಸಿಕೊಳ್ಳುತ್ತದೆ. ಹೊಡೆದ ಮೇಲೆ ಮತ್ತೆ ಅದೇ ಸೇವ್, ಅದೇ ಕಾಯುವಿಕೆ. ಗೈಡ್ ಕೇಳಿದರು, "ಆಯ್ತಾ ಸಾರ್? ಇನ್ನೊಂದು ಬ್ಯಾಚ್ ಬರ್ತಿದೆ." ಆಯ್ತು ಅಂದೆ. ಒಂದೇ ಸಾಕಾಗಿತ್ತು.

ಮನೆಯಲ್ಲಿ ಲ್ಯಾಪ್‌ಟಾಪಿಗೆ ವೈರ್ ಹಾಕಿ, ಹೆಸರಿನ ಕೊನೆಗೆ 'ಹೈರೆಸ್' ಅಂತಿರುವ ದೊಡ್ಡ ಫೈಲ್ ತೆರೆದೆ. ಬಸವನ ಡುಬ್ಬ, ಮಡಚಿದ ಕಾಲು, ಪಕ್ಕದ ಪುಟ್ಟ ವಿಗ್ರಹಗಳು, ಅವುಗಳ ನಡುವಿನ ನೆರಳು, ಎಲ್ಲ ಬಿಡಿಬಿಡಿಯಾಗಿದ್ದವು. ರವೆ ಇಲ್ಲ. ಟಾರ್ಚ್ ಬೆಳಕು ಬಿದ್ದ ಕಡೆ ಕಲ್ಲಿನ ಹೊಳಪು, ಬೀಳದ ಕಡೆ ಕತ್ತಲು ಕತ್ತಲಾಗಿಯೇ ಇದೆ. ಈಗಿನ ಫೋನ್‌ಗಳ ನೈಟ್ ಮೋಡ್ ಇದೇ ಜಾಗವನ್ನು ಟ್ಯೂಬ್‌ಲೈಟ್ ಹಾಕಿದ ಕೋಣೆ ಮಾಡಿಬಿಡುತ್ತದೆ.

ಅಲ್ಲಿಂದ ಮಾರುವ ವಿಚಾರ ಬಿಟ್ಟೆ. ಕತ್ತಲಲ್ಲಿ ಕೆಲಸ ಮಾಡುವಾಗ ಯಾರಿಗೂ ಅವಸರ ಇರುವುದಿಲ್ಲ, ನಾಲ್ಕು ಸೆಕೆಂಡ್ ಗೊತ್ತೇ ಆಗುವುದಿಲ್ಲ. ಬೆಳಗಿನ ಜಾವ ಹಿರೇಕೊಳಲೆ ಕೆರೆ, ಮಳೆಗಾಲದ ಸಂಜೆ ಮರದ ನೆರಳಿನಲ್ಲಿ ಹೆಚ್ಚುಕಮ್ಮಿ ಕತ್ತಲಾಗಿರುವ ಅರೇಬಿಕಾ ಬ್ಲಾಕು, ಹಬ್ಬದ ದಿನ ದೀಪದ ಬೆಳಕು, ಇವಕ್ಕೆಲ್ಲ ಈಗ ಅದೇ. 2014ರ ಅಪ್‌ಡೇಟ್‌ನಲ್ಲಿ ಬಂದ ಡಿಎನ್‌ಜಿ ಫೈಲ್ (ಫೋನ್ ತಿದ್ದದ ಕಚ್ಚಾ ಫೋಟೋ) ಸೌಲಭ್ಯ ನನ್ನದರಲ್ಲಿದೆ. ಕಂಪ್ಯೂಟರಿನಲ್ಲಿ ಬಣ್ಣ ತಿದ್ದುವ ತಾಳ್ಮೆ ಇದ್ದವರಿಗೆ ಅದು ಬಹಳ ಒಳ್ಳೆಯದು. ಸಾಮಾನ್ಯ ಫೋಟೋದಲ್ಲಿ 1020 ಬಣ್ಣವನ್ನು ಸ್ವಲ್ಪ ಬೆಚ್ಚಗೆ ಮಾಡುತ್ತದೆ, ಹಣ್ಣು ಕಾಫಿ ಇನ್ನೂ ಕೆಂಪಾಗುತ್ತದೆ. 808 ಇದ್ದದ್ದು ಇದ್ದ ಹಾಗೆ. ಹೂಮಳೆ ಬಿದ್ದು ವಾರ ಕಳೆದು ತೋಟ ಬೆಳ್ಳಗಾಗುವ ಎರಡು ಮೂರು ದಿನ, ಬಿಳಿಯನ್ನು ಬಿಳಿಯಾಗಿಯೇ ಉಳಿಸುವುದು 808 ಮಾತ್ರ.

ಎರಡರಲ್ಲೂ ಆಗದ್ದೂ ಇದೆ. ಮರದ ತುದಿಯಲ್ಲಿ ಕೂತ ಕೆಂದಳಿಲು ಬೇಕು ಅಂದರೆ ಎರಡೂ ಬೇಡ, ಮೂರು ಪಟ್ಟು ಜೂಮ್ ಅಲ್ಲಿಗೆ ಸಾಲುವುದಿಲ್ಲ. ಸೆಲ್ಫಿಗೆ ಎರಡೂ ದಂಡ. ಮುಖ್ಯ ಫೋನ್ ಆಗಿ ಇಟ್ಟುಕೊಳ್ಳುವ ಆಸೆ ಅಂತೂ ಬಿಡಿ, ಯುಪಿಐ ಇಲ್ಲದೆ ಈಗ ಸಂತೆಯಲ್ಲಿ ಸೊಪ್ಪು ಕೂಡ ಸಿಗುವುದಿಲ್ಲ.

ಒಂದನ್ನೇ ಕೊಳ್ಳುವಷ್ಟು ದುಡ್ಡು ಇದ್ದರೆ, ಬಯಲಲ್ಲಿ ಓಡಾಡುವ ಕೆಲಸ ನಿಮ್ಮದಾಗಿದ್ದರೆ, 808 ತೆಗೆದುಕೊಳ್ಳಿ. ಕೊಳ್ಳುವಾಗ ಪರದೆಯ ಗೀರು ನೋಡಬೇಡಿ, ಲೆನ್ಸಿನೊಳಗೆ ಟಾರ್ಚ್ ಬಿಟ್ಟು ಬೂಷ್ಟು ಇದೆಯಾ ನೋಡಿ, ಬ್ಯಾಟರಿ ಉಬ್ಬಿದೆಯಾ ನೋಡಿ. ದೇವಸ್ಥಾನ, ಮನೆಯೊಳಗಿನ ಫೋಟೋ, ನಿಧಾನದ ಕೆಲಸ ಅಂದರೆ 1020. ಅದಕ್ಕೆ ಕ್ಯಾಮೆರಾ ಗ್ರಿಪ್ ಅಂತ ಒಂದು ಬರುತ್ತಿತ್ತು, ಪಿಡಿ-95ಜಿ. ಕೈಗೆ ಹಿಡಿತ ಸಿಗುತ್ತದೆ, ಒಳಗೆ ಇನ್ನೊಂದು ಬ್ಯಾಟರಿ ಇದೆ, ಅಡಿಯಲ್ಲಿ ಟ್ರೈಪಾಡ್ ಸ್ಕ್ರೂಗೆ ಜಾಗ ಇದೆ. ನನಗೆ ಇನ್ನೂ ಸಿಕ್ಕಿಲ್ಲ. ಆನ್‌ಲೈನ್‌ನಲ್ಲಿ ಕಂಡದ್ದಕ್ಕೆ ಫೋನಿಗಿಂತ ಜಾಸ್ತಿ ಕೇಳುತ್ತಿದ್ದಾರೆ. ಬೆಲೆ ಇಳಿದರೆ ಕಪ್ಪು ಬಣ್ಣದ್ದಾದರೂ ಸರಿ, ಹಳದಿಯೇ ಬೇಕು ಅಂತೇನಿಲ್ಲ.